ನಯಾಗರಕ್ಕೆ ಹೋದ್ರೆ ಅದರ ನಲ್ಲಿನೂ ನೋಡ್ಕೊಂಡು ಬನ್ನಿ

ನಮ್ಮ ಕಾಲೇಜಿಂದ ಪ್ರತಿ ವರ್ಷ ಒಂದಷ್ಟು ಸೀನಿಯರ್ಸ್ ಎಂ.ಎಸ್. ಮಾಡೋಕೆ ಅಂತ ಅಮೆರಿಕಕ್ಕೆ ಹಾರ್ತಾರೆ. ಮೊದಲ ಸೆಮಿಸ್ಟರ್ ಮುಗಿದು ಡಿಸೆಂಬರ್ ರಜೆ ಸಿಕ್ಕಿದ್ದೇ ತಡ, ಇನ್‌ಸ್ಟಾಗ್ರಾಂನಲ್ಲಿ ಎಲ್ಲರದ್ದೂ ಒಂದೇ ಥರದ ಫೋಟೋ: ಟೈಮ್ಸ್ ಸ್ಕ್ವೇರ್, ಲಿಬರ್ಟಿ ಪ್ರತಿಮೆ, ಲಾಸ್ ವೇಗಸ್ ದೀಪಗಳು, ಆಮೇಲೆ ಎರಡೂ ಕೈ ಚಾಚಿಕೊಂಡು ನಯಾಗರದ ಮುಂದೆ. ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ನಾಲ್ಕು ವರ್ಷ ಫ್ಲೂಯಿಡ್ ಮೆಕ್ಯಾನಿಕ್ಸು, ಪವರ್ ಸಿಸ್ಟಮ್ಸು ಓದಿದವರು ಅಲ್ಲಿ ಹೋಗಿ ಬರೀ ನೀರು ನೋಡಿ ಬಂದ್ರೆ ಅರ್ಧ ದುಡ್ಡು ದಂಡ ಅನ್ನೋದು ನನ್ನ ವಾದ. ಅಮೆರಿಕದ ಕೆಲವು ಸುಂದರ ಜಾಗಗಳ ಹಿಂದೆ ಎಂಜಿನಿಯರುಗಳು ಮಾಡಿದ ಒಂದು ಲೆಕ್ಕಾಚಾರ ಇದೆ, ಆ ಲೆಕ್ಕದ ಬಿಲ್ಲು ಕಟ್ಟಿದವರು ಯಾರೋ ಇದ್ದಾರೆ. ಅದನ್ನೂ ನೋಡಬೇಕು.

ನಯಾಗರದಿಂದಲೇ ಶುರು ಮಾಡೋಣ. ನಾವೆಲ್ಲ ಅದನ್ನ ಪ್ರಕೃತಿಯ ಅದ್ಭುತ ಅಂದುಕೊಂಡಿದ್ದೀವಿ. ನಿಜ ಹೇಳಬೇಕು ಅಂದ್ರೆ ಅದಕ್ಕೊಂದು ನಲ್ಲಿ ಇದೆ. ನದಿಯಲ್ಲಿ ಬರೋ ನೀರು ಸರಾಸರಿ 2 ಲಕ್ಷ ಕ್ಯುಸೆಕ್ ಆಸುಪಾಸು. (ಕೆ.ಆರ್.ಎಸ್. ಹೊರಹರಿವಿನ ಸುದ್ದಿ ಕೇಳಿಕೊಂಡೇ ಬೆಳೆದ ನಮಗೆ ಕ್ಯುಸೆಕ್ ಅಂದ್ರೆ ಏನು ಅಂತ ಹೇಳೋದು ಬೇಕಿಲ್ಲ.) ಅಷ್ಟೂ ನೀರು ಜಲಪಾತಕ್ಕೆ ಹೋಗಲ್ಲ. 1950ರಲ್ಲಿ ಅಮೆರಿಕ ಮತ್ತು ಕೆನಡಾ ಒಂದು ಒಪ್ಪಂದ ಮಾಡಿಕೊಂಡವು. ಪ್ರವಾಸಿಗರು ಬರೋ ತಿಂಗಳುಗಳಲ್ಲಿ, ಹಗಲು ಹೊತ್ತಲ್ಲಿ, ಜಲಪಾತದ ಮೇಲೆ ಕನಿಷ್ಠ 1 ಲಕ್ಷ ಕ್ಯುಸೆಕ್ ಹರೀಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ 50 ಸಾವಿರ ಸಾಕು. ಉಳಿದದ್ದು ಎರಡೂ ದೇಶಗಳ ಟರ್ಬೈನಿಗೆ. ಇದನ್ನ ಹಿಡಿತದಲ್ಲಿ ಇಡೋಕೆ ಜಲಪಾತದ ಮೇಲ್ಭಾಗದಲ್ಲಿ ಸಾಲಾಗಿ ಗೇಟುಗಳಿವೆ. ಅಂದ್ರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹಗಲಲ್ಲಿ ಹೋದವರಿಗೆ ಫುಲ್ ಶೋ. ಡಿಸೆಂಬರ್ ರಜೆಗೆ ಹೋಗಿ ಬಂದ ನಮ್ಮ ಸೀನಿಯರ್ಸ್‌ಗೆ ಒಪ್ಪಂದದ ಪ್ರಕಾರ ಅರ್ಧ ನೀರು ಸಿಕ್ಕರೂ ಕೇಳೋ ಹಾಗಿಲ್ಲ!

ಇದನ್ನ ಕೇಳಿ ಕೆಲವರಿಗೆ ಬೇಜಾರಾಗುತ್ತೆ, ‘ಹಾಗಾದ್ರೆ ಎಲ್ಲಾ ನಾಟಕನಾ?’ ಅಂತ. ನನಗೆ ಬೇಜಾರಾಗಲ್ಲ. ನೋಡೋ ಚಂದಕ್ಕೂ ಒಂದು ಅಂಕಿ ಇಟ್ಟು, ಎರಡು ಸರ್ಕಾರಗಳು ಅದಕ್ಕೆ ಸಹಿ ಹಾಕಿದ್ದು ಸಣ್ಣ ಮಾತಲ್ಲ. ಅದು ಸುಮ್ಮನೆ ಬಂದದ್ದೂ ಅಲ್ಲ. 19ನೇ ಶತಮಾನದಲ್ಲಿ ಜಲಪಾತದ ದಡ ಖಾಸಗಿಯವರ ಕೈಯಲ್ಲಿತ್ತು. ಬೇಲಿ ಹಾಕಿ, ಕಾಸು ಕೊಟ್ಟವರಿಗಷ್ಟೇ ನೀರು ತೋರಿಸ್ತಿದ್ದರು. ಜನ ಗಲಾಟೆ ಮಾಡಿ, ಚಳವಳಿ ಕಟ್ಟಿ, 1885ರಲ್ಲಿ ಅದನ್ನ ನ್ಯೂಯಾರ್ಕ್ ರಾಜ್ಯದ ಸಾರ್ವಜನಿಕ ಉದ್ಯಾನ ಮಾಡಿಸಿದರು. ಅದಕ್ಕೇ ಇವತ್ತಿಗೂ ನಡೆದುಕೊಂಡು ಒಳಗೆ ಹೋಗೋಕೆ ಟಿಕೆಟ್ ಇಲ್ಲ. 1969ರಲ್ಲಿ ಇನ್ನೂ ಒಂದು ತಮಾಷೆ ನಡೀತು. ಅಮೆರಿಕನ್ ಫಾಲ್ಸ್ ಬುಡದಲ್ಲಿ ಬಂಡೆಗಳು ರಾಶಿ ಬಿದ್ದು ಚಂದ ಕೆಡ್ತಿದೆ ಅಂತ, ಸೇನೆಯ ಎಂಜಿನಿಯರುಗಳು ಮೇಲ್ಗಡೆ ತಾತ್ಕಾಲಿಕ ಒಡ್ಡು ಹಾಕಿ ಆ ಭಾಗದ ಜಲಪಾತವನ್ನೇ ತಿಂಗಳುಗಟ್ಟಲೆ ನಿಲ್ಲಿಸಿಬಿಟ್ಟರು. ಒಣಗಿದ ಬಂಡೆ ನೋಡೋಕೂ ಜನ ಬಂದರಂತೆ! ಅಳೆದು ತೂಗಿ ಕೊನೆಗೆ ಬಂಡೆಗಳನ್ನ ಹಾಗೇ ಬಿಟ್ಟರು. ಕೈ ಹಾಕದೇ ಇರೋದು ಕೂಡ ಒಂದು ಎಂಜಿನಿಯರಿಂಗ್ ತೀರ್ಮಾನ ಅಂತ ನಮಗೆ ಯಾವ ಪೇಪರಲ್ಲೂ ಹೇಳಿಕೊಟ್ಟಿಲ್ಲ ನೋಡಿ.

ಇ.ಇ. ಹುಡುಗರಿಗೆ ಗೋಟ್ ಐಲ್ಯಾಂಡ್‌ನಲ್ಲಿ ಟೆಸ್ಲಾ ಪ್ರತಿಮೆ ಇದೆ (ಕಾರಲ್ಲ, ಮನುಷ್ಯ). ಇಲ್ಲಿ 1895ರಲ್ಲಿ ಶುರುವಾದ ಆಡಮ್ಸ್ ವಿದ್ಯುತ್ ಕೇಂದ್ರದಿಂದ ಮರುವರ್ಷ ಬಫಲೋ ನಗರಕ್ಕೆ ಎ.ಸಿ. ಕರೆಂಟ್ ಹೋಯ್ತು, 26 ಮೈಲಿ ದೂರ. ಅದಾಗಿ ಆರೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ತಂತಿ ಎಳೆದಿದ್ದರು. ಆ ಜನರೇಟರುಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಆ ಪ್ರತಿಮೆ ಮುಂದೆ ನಿಂತು ಸೆಲ್ಫಿ ತಗೊಳ್ಳೋವಾಗ ಇದು ನೆನಪಿರಲಿ, ಸ್ವಲ್ಪ ಎದೆ ಉಬ್ಬಿಸಿಯೇ ತಗೊಳ್ಳಿ.

ಆದ್ರೆ ನಾನು ನಿಜವಾಗಿ ಕಳಿಸಬೇಕು ಅಂತಿರೋ ಜಾಗ ಇದಲ್ಲ. ಜಲಪಾತದಿಂದ ಕೆಲವೇ ಮೈಲಿ ಕೆಳಗೆ ಲೂಯಿಸ್ಟನ್ ಅಂತ ಊರಿದೆ. ಅಲ್ಲಿ 1961ರಲ್ಲಿ ಶುರುವಾದ ರಾಬರ್ಟ್ ಮೋಸಸ್ ಜಲವಿದ್ಯುತ್ ಕೇಂದ್ರ, ಅದಕ್ಕೆ ಅಂಟಿಕೊಂಡಂತೆ ಒಂದು ಪಂಪ್ಡ್ ಸ್ಟೋರೇಜ್ ಘಟಕ. ರಾತ್ರಿ ಜಲಪಾತಕ್ಕೆ ಕಮ್ಮಿ ನೀರು ಬಿಟ್ಟರೆ ಸಾಕಲ್ಲ? ಆಗ ತಿರುಗಿಸಿದ ನೀರನ್ನ ಮೇಲಿನ ಜಲಾಶಯಕ್ಕೆ ಎತ್ತಿ ಇಟ್ಟುಕೊಳ್ತಾರೆ. ಹಗಲಲ್ಲಿ ಕರೆಂಟಿಗೆ ಬೇಡಿಕೆ ಏರಿದಾಗ ಕೆಳಗೆ ಬಿಡ್ತಾರೆ. ಪವರ್ ವಿಸ್ಟಾ ಅನ್ನೋ ವೀಕ್ಷಣಾ ಕೇಂದ್ರದಿಂದ ಇದನ್ನೆಲ್ಲ ನೋಡಬಹುದು, ಮಾದರಿಗಳನ್ನ ಮುಟ್ಟಿ ತಿರುಗಿಸಿ ಆಡಬಹುದು. ನಮ್ಮ ಇಂಡಸ್ಟ್ರಿಯಲ್ ವಿಸಿಟ್‌ಗಿಂತ ಎಷ್ಟೋ ವಾಸಿ.

ಆ ಮೇಲಿನ ಜಲಾಶಯ ಇರೋದು ಯಾರ ಜಮೀನಲ್ಲಿ ಅನ್ನೋದು ಮುಂದಿನ ಪ್ರಶ್ನೆ. ಅದರಲ್ಲಿ ಸುಮಾರು 550 ಎಕರೆ ಟಸ್ಕರೋರಾ ಎಂಬ ಮೂಲನಿವಾಸಿ ಜನರದ್ದು. ಅವರು ಕೊಡಲ್ಲ ಅಂದರು. ಸರ್ವೆ ಮಾಡೋರಿಗೆ ಅಡ್ಡ ನಿಂತರು, ಕೋರ್ಟಿಗೆ ಹೋದರು. 1960ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಡ್ತು. ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಭಿನ್ನಮತ ಬರೆದರು, ಆದರೂ ಜಮೀನು ಹೋಯ್ತು. ಜಲಪಾತದ ಚಂದಕ್ಕೆ ಎರಡು ದೇಶ ಕೂತು ಕ್ಯುಸೆಕ್ ಲೆಕ್ಕ ಹಾಕಿದವು. ಆ ಜನರ ‘ಬೇಡ’ ಅನ್ನೋ ಮಾತಿಗೆ ಅಂಥ ಒಂದು ಕನಿಷ್ಠ ಮಿತಿ ಯಾರೂ ಇಡಲಿಲ್ಲ.

ಶಿವಮೊಗ್ಗ ಕಡೆಯವರಿಗೆ ಈ ಕತೆ ಎಲ್ಲೋ ಕೇಳಿದ ಹಾಗಿರಬೇಕು. ಲಿಂಗನಮಕ್ಕಿಯಲ್ಲಿ ಮನೆ, ತೋಟ ಮುಳುಗಿಸಿಕೊಂಡ ಕುಟುಂಬಗಳು ಅರವತ್ತು ವರ್ಷ ಆದ್ರೂ ಹಕ್ಕುಪತ್ರಕ್ಕೆ ಅಲೀತಿವೆ. ಈಗ ಅದೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಮುಂದಿಟ್ಟಿದ್ದಾರೆ, ಅದರ ಜಗಳ ಪೇಪರ್‌ನಲ್ಲಿ ಬರ್ತಾನೇ ಇದೆ. ತಂತ್ರಜ್ಞಾನ ಕೆಟ್ಟದು ಅಂತ ನಾನು ಹೇಳಲಾರೆ. ಸೋಲಾರ್, ವಿಂಡ್ ಜಾಸ್ತಿ ಆದಂಗೆ ಕರೆಂಟ್ ಕೂಡಿಡೋಕೆ ಏನಾದ್ರೂ ಬೇಕೇ ಬೇಕು. ಆದ್ರೆ ಎಫಿಶಿಯೆನ್ಸಿ ಲೆಕ್ಕ ಹಾಕೋ ನಾವು, ಜೋಗದಲ್ಲಿ ಎಷ್ಟು ಕ್ಯುಸೆಕ್ ಬಿಡಬೇಕು, ಕಣಿವೆಯವರು ಬೇಡ ಅಂದ್ರೆ ಏನು ಮಾಡಬೇಕು ಅಂತ ಕ್ಲಾಸಲ್ಲಿ ಯಾವತ್ತಾದ್ರೂ ಕೇಳಿದ್ದೀವಾ? ನಾಳೆ ಆ ಡ್ರಾಯಿಂಗ್‌ಗೆ ಸಹಿ ಹಾಕೋರು ನಮ್ಮ ಬ್ಯಾಚಿನವರೇ ಇರಬಹುದು.

ಇನ್ನು ಕ್ಯಾಲಿಫೋರ್ನಿಯಾ ಕಡೆ ಹೋಗೋರು ಯೊಸೆಮಿಟಿ ನ್ಯಾಷನಲ್ ಪಾರ್ಕ್ ತಪ್ಪಿಸಲ್ಲ, ಬೇ ಏರಿಯಾದಲ್ಲಿ ಕೆಲಸ ಮಾಡೋ ಕನ್ನಡದವರಂತೂ ಊರಿಂದ ಅಪ್ಪ ಅಮ್ಮ ಬಂದಾಗೆಲ್ಲ ಅಲ್ಲಿಗೇ ಕರ್ಕೊಂಡು ಹೋಗ್ತಾರೆ. ಅದೇ ಪಾರ್ಕಿನ ಒಳಗೆ, ಅದರ ತಮ್ಮನಂತಿರೋ ಇನ್ನೊಂದು ಕಣಿವೆ ಇದೆ: ಹೆಚ್ ಹೆಚ್ಚಿ. ಅದು ನೀರಲ್ಲಿ ಮುಳುಗಿದೆ. ಸ್ಯಾನ್ ಫ್ರಾನ್ಸಿಸ್ಕೋಗೆ ಕುಡಿಯೋ ನೀರು ಬೇಕು ಅಂತ 1913ರಲ್ಲಿ ಸಂಸತ್ತು ಕಾನೂನು ಮಾಡ್ತು. ಜಾನ್ ಮ್ಯೂರ್ ವರ್ಷಗಟ್ಟಲೆ ಹೋರಾಡಿ ಸೋತರು, ಮರುವರ್ಷವೇ ತೀರಿಕೊಂಡರು. 1923ರಲ್ಲಿ ಅಣೆಕಟ್ಟು ಎದ್ದಿತು. ಸುಮಾರು 167 ಮೈಲಿ ದೂರ ಆ ನೀರು ಬಹುಪಾಲು ಗುರುತ್ವಾಕರ್ಷಣೆಯಲ್ಲೇ ಹರಿದು ಬರುತ್ತೆ. ಬೆಂಗಳೂರಿಗೆ ಕಾವೇರಿಯನ್ನ ಪಂಪ್ ಮಾಡಿ ಮೇಲೆತ್ತೋ ಕರೆಂಟ್ ಬಿಲ್ ನೆನೆದರೆ ಹೊಟ್ಟೆ ಉರಿಯುತ್ತೆ. ಅಲ್ಲಿ ನಮ್ಮವರು ಎಷ್ಟೋ ಜನ ನಲ್ಲಿ ತಿರುಗಿಸಿದ್ರೆ ಬರೋದು ಇದೇ ನೀರು. ಇಷ್ಟಾಗಿಯೂ ಅಲ್ಲಿಗೆ ಹೋಗೋರು ಬಹಳ ಕಮ್ಮಿ. ಅಣೆಕಟ್ಟಿನ ಮೇಲೆ ನಡೆದುಹೋದ್ರೆ ಆಚೆ ಕಡೆ ವಪಾಮ ಜಲಪಾತದ ಕಾಲುದಾರಿ ಸಿಗುತ್ತೆ. ನನ್ನ ಕೇಳಿದ್ರೆ, ಆ ಕಣಿವೆ ಮುಳುಗಿಸಿದ್ದು ಅನ್ಯಾಯ, ಆ ಪೈಪ್‌ಲೈನ್ ಅದ್ಭುತ. ಎರಡೂ ನಿಜ.

ರಜೆ ಅಂದ್ರೆ ರಜೆ, ಅಲ್ಲೂ ಸಿಲಬಸ್ ಯಾಕೆ ಮಗಾ ಅಂತ ನನ್ನ ರೂಂಮೇಟ್ ಈ ಲೇಖನ ಓದಿ ಉಗಿದ. ಅವನಿಗೆ ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಕತೆ ಹೇಳಿದೆ. ಅಲ್ಲಿ ಬೆಟ್ಟದ ಮೇಲೆ ಒಂದು ಹಳೇ ಮಣ್ಣಿನ ಅಣೆಕಟ್ಟಿತ್ತು. ಪಿಟ್ಸ್‌ಬರ್ಗ್‌ನ ಸಿರಿವಂತರ ಕ್ಲಬ್ಬೊಂದು ಅದನ್ನ ಇಟ್ಟುಕೊಂಡು ಮೀನು ಹಿಡಿಯೋ ಕೆರೆ ಮಾಡಿಕೊಂಡಿತ್ತು, ಆಂಡ್ರೂ ಕಾರ್ನೆಗಿ ಕೂಡ ಸದಸ್ಯ. ನೀರು ಹೊರಬಿಡೋ ಪೈಪುಗಳನ್ನ ಹಿಂದಿನ ಮಾಲೀಕ ಕಿತ್ತು ಮಾರಿದ್ದ, ಇವರು ಮತ್ತೆ ಹಾಕಿಸಲಿಲ್ಲ. ಗಾಡಿ ಓಡಾಡಲಿ ಅಂತ ಏರಿಯ ಎತ್ತರ ತಗ್ಗಿಸಿದರು. ಮೀನು ತಪ್ಪಿಸಿಕೊಳ್ಳದೇ ಇರಲಿ ಅಂತ ಕೋಡಿಗೆ ಜಾಲರಿ ಕಟ್ಟಿದರು. 1889ರ ಮೇ 31ರ ಮಳೆಗೆ ಅದು ಒಡೀತು. ಒಂದು ಗಂಟೆಯೊಳಗೆ ನೀರು ಕೆಳಗಿನ ಊರು ಮುಟ್ಟಿತು. ಸತ್ತವರು 2,209 ಜನ. ಕ್ಲಬ್ಬಿನಿಂದ ಕೋರ್ಟಲ್ಲಿ ಯಾರಿಗೂ ಪರಿಹಾರ ಸಿಗಲಿಲ್ಲ. ಒಡೆದ ಏರಿಯ ಎರಡು ತುದಿಗಳು ಇವತ್ತಿಗೂ ಹಾಗೇ ಇವೆ, ಮಧ್ಯೆ ಹಸಿರು ಕಣಿವೆ, ಸ್ಮಾರಕ. ಕಾರ್ನೆಗಿ ಆಮೇಲೆ ಆ ಊರಿಗೊಂದು ಲೈಬ್ರರಿ ಕಟ್ಟಿಸಿಕೊಟ್ಟ. ಪ್ರವಾಹದ ಮ್ಯೂಸಿಯಂ ಇರೋದು ಅದೇ ಕಟ್ಟಡದಲ್ಲಿ. ರೂಂಮೇಟ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೋಡಿಗೆ ಜಾಲರಿ ಹಾಕಿದ್ದ ಎಂಜಿನಿಯರ್ ಯಾರೋ?’ ಅಂದ.

ಹೋಗೋರಿಗೆ ಒಂದೆರಡು ಮಾತು. ನಯಾಗರದ ಚಂದದ ನೋಟ ಕೆನಡಾ ಕಡೆಯಿಂದ, ಆದ್ರೆ ಅದಕ್ಕೆ ಬೇರೆ ವೀಸಾ ಬೇಕು, ಮೊದಲೇ ನೋಡಿಕೊಳ್ಳಿ. ಹೆಚ್ ಹೆಚ್ಚಿ ರಸ್ತೆಯ ಗೇಟು ಹಗಲಲ್ಲಷ್ಟೇ ತೆರೆದಿರುತ್ತೆ. ಜಿ.ಆರ್.ಇ. ಇನ್ನೂ ಬರೀದೇ ಇರೋ ಜೂನಿಯರ್ಸ್, ನೀವು ಈ ಜುಲೈನಲ್ಲಿ ತಾಳಗುಪ್ಪ ರೈಲು ಹತ್ತಿ ಜೋಗಕ್ಕೆ ಹೋಗಿ. ಬರೋವಾಗ ಲಿಂಗನಮಕ್ಕಿ ಹಿನ್ನೀರಿನ ಕಡೆಯವರು ಯಾರಾದ್ರೂ ಸಿಕ್ಕರೆ, ಅವರ ಹಳೇ ಊರು ಎಲ್ಲಿತ್ತು ಅಂತ ಕೇಳಿ ಬನ್ನಿ.