ಬಿಟಿ ಬೀಜ ಮತ್ತು ನಮ್ಮ ಮಕ್ಕಳ ಬೆರಳು



ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿಯೊಂದನ್ನು ತೆಗೆದು ಹತ್ತಿ ಗಿಡದೊಳಗೆ ಕೂರಿಸಿದ್ದಾರೆ. ಕಾಯಿಕೊರಕ ಹುಳ ಅದನ್ನು ತಿಂದರೆ ಸಾಯಬೇಕು. ಬಿಟಿ ಹತ್ತಿ ಅಂತ ಅದಕ್ಕೆ ಹೆಸರು. 2002ರಲ್ಲಿ ಭಾರತ ಸರ್ಕಾರ ಒಪ್ಪಿಗೆ ಕೊಟ್ಟಿತು, ಈಗ ದೇಶದ ಹತ್ತಿ ಹೊಲಗಳಲ್ಲಿ ಬಹುಪಾಲು ಅದೇ. ಇಂಥ ಎಂಜಿನಿಯರಿಂಗ್ ಕಂಡು ಪೇಟೆಯ ಪಂಡಿತರು ಚಪ್ಪಾಳೆ ತಟ್ಟುತ್ತಾರೆ. ತಟ್ಟಲಿ. ನಾವು ಕೇಳುವುದು ಇಷ್ಟೇ: ಆ ಬೀಜ ಹುಟ್ಟಿಸುವುದು ಯಾರ ಕೈ?

ನಮ್ಮ ದೇಶಕ್ಕೆ ಬಿಟಿ ಬಂದದ್ದು ಹೈಬ್ರಿಡ್ ಆಗಿ. ಉಳಿಸಿಟ್ಟ ಬೀಜ ಬಿತ್ತಿದರೆ ಬೆಳೆ ಒಂದೇ ಸಮ ಬರೋದಿಲ್ಲ. ರೈತ ವರ್ಷಾ ವರ್ಷಾ ಅಂಗಡಿ ಬಾಗಿಲಿಗೇ ಹೋಗಬೇಕು. ಆ ಹೈಬ್ರಿಡ್ ಬೀಜ ಪ್ರಯೋಗಶಾಲೆಯಲ್ಲಿ ಹುಟ್ಟೋದಲ್ಲ, ಹೊಲದಲ್ಲಿ. ಸಂಜೆ ಹೊತ್ತು, ನಾಳೆ ಅರಳೋ ಮೊಗ್ಗು ಹುಡುಕಿ, ಹೆಬ್ಬೆರಳ ಉಗುರಿನಿಂದ ಎಸಳು ಕೇಸರ ಬಿಡಿಸಿ ಗುರುತು ಹಾಕಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂ ಕಿತ್ತು ತಂದು ಅದಕ್ಕೆ ಸವರಬೇಕು. ಒಂದೊಂದು ಹೂವಿಗೂ ಹೀಗೇ, ದಿನಾ, ತಿಂಗಳುಗಟ್ಟಲೆ. ನಾವು ಕಾಲೇಜಿನ ಪುಸ್ತಕದಲ್ಲಿ ಇದನ್ನು ‘ಕೃತಕ ಪರಾಗಸ್ಪರ್ಶ’ ಅಂತ ಓದಿ ಪಾಸಾದೆವು. ಚಿತ್ರದಲ್ಲಿ ಒಂದು ಕೈ ಇತ್ತು. ಯಾರ ಕೈ ಅಂತ ಯಾವ ಪರೀಕ್ಷೆಯಲ್ಲೂ ಕೇಳಲಿಲ್ಲ.

ಆಂಧ್ರ, ಗುಜರಾತ್, ನಮ್ಮ ಕರ್ನಾಟಕ, ಬೀಜದ ಹತ್ತಿ ಬೆಳೆಯೋ ಸೀಮೆಯಲ್ಲೆಲ್ಲ ಈ ಕೆಲಸಕ್ಕೆ ಎಳೆ ಹುಡುಗಿಯರನ್ನು ಹಚ್ಚಿದ್ದಾರೆ. ದಲಿತರ, ಆದಿವಾಸಿಗಳ, ತುಂಡು ನೆಲವೂ ಇಲ್ಲದವರ ಮಕ್ಕಳನ್ನು. ಹೆತ್ತವರ ಕೈಗೆ ಮುಂಗಡ ಕೊಟ್ಟರೆ ಸೀಸನ್ ಮುಗಿಯೋ ತನಕ ಹುಡುಗಿ ಹೊಲದವಳು. “ಮಕ್ಕಳ ಬೆರಳು ನಾಜೂಕು, ಗಿಡದ ಎತ್ತರಕ್ಕೆ ಸರಿ ಆಗ್ತಾರ” ಅನ್ನೋದು ಮಾಲೀಕರ ಸಸ್ಯಶಾಸ್ತ್ರ. ದೊಡ್ಡವರ ಕೂಲಿ ಉಳಿಯಿತಲ್ಲ, ಆ ಶಾಸ್ತ್ರ ಮಾತ್ರ ಬಾಯಿ ಬಿಡೋದಿಲ್ಲ. 2016ರಲ್ಲಿ ಕಾನೂನು ತಿದ್ದಿ, ಹದಿನಾಲ್ಕರ ಒಳಗಿನವರ ದುಡಿಮೆ ನಿಷೇಧ ಅಂದರು. ಜೊತೆಗೇ, ಶಾಲೆ ಬಿಟ್ಟ ಮೇಲೆ ಮನೆಯವರ ಕೆಲಸಕ್ಕೆ ನೆರವಾಗಬಹುದು ಅಂತ ಕಿಂಡಿಯನ್ನೂ ಬಿಟ್ಟರು. ಆ ಕಿಂಡಿಯಲ್ಲಿ ಯಾರ ಮಗಳನ್ನಾದರೂ ‘ಮನೆಯವಳು’ ಮಾಡಬಹುದು!

ಕೇಸರ ಕೀಳೋದೇ ಬೇಡದ ದಾರಿ ವಿಜ್ಞಾನಿಗಳಿಗೆ ಗೊತ್ತಿಲ್ಲವೇ? ಗೊತ್ತಿದೆ. ಫಲ ಕೊಡುವ ಪರಾಗವೇ ಇಲ್ಲದ ತಳಿಯಿಂದ ಹೈಬ್ರಿಡ್ ಮಾಡುವುದು ದಶಕಗಳ ಹಳೆಯ ವಿದ್ಯೆ. ಅದಕ್ಕೆ ತೊಡಕುಗಳಿವೆ ಅನ್ನುತ್ತಾರೆ. ಇರಬಹುದು. ಅಗ್ಗದ ಬೆರಳು ಸಿಗೋವಾಗ ತೊಡಕು ಬಿಡಿಸೋ ಅವಸರ ಯಾರಿಗೆ?

ಅದೇ ಕಳೆ ತೆಗೆಯೋ ಅವ್ವಂದಿರ ಕೂಲಿ ಚೂರು ಏರಲಿ, ಅವಸರ ನೋಡಿ. ಕಳೆನಾಶಕ ತಡೆಯೋ ಹತ್ತಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿಲ್ಲ. ಕಳ್ಳಬೀಜವಾಗಿ ಎಷ್ಟೋ ರಾಜ್ಯಗಳ ಹೊಲ ಸೇರಿದೆ. ಎಣ್ಣೆ ಹೊಡೆದರೆ ಕಳೆ ಸಾಯ್ತದೆ, ಹತ್ತಿ ನಿಲ್ತದೆ, ಕುರ್ಚಿಗೆ ಹಿಡಿದ ಹೆಂಗಸು ಮನೆಗೆ ಹೋಗ್ತಾಳೆ.

ನಾವು ವಿಜ್ಞಾನದ ವೈರಿಗಳಲ್ಲ. ಯಂತ್ರ ಬೇಡವೆಂದ ಗಾಂಧಿವಾದವನ್ನು ಬಾಬಾಸಾಹೇಬರು ಒಪ್ಪಲಿಲ್ಲ. ದುಡಿಯುವವನಿಗೆ ಬಿಡುವು ಸಿಗಬೇಕಾದರೆ ಯಂತ್ರ ಬೇಕು, ಅದರ ಲಾಭ ಕೆಲವರ ಪಾಲಾಗಬಾರದು ಎಂದರು. ಬಿಟಿ ಬಂದ ಮೊದಲ ವರ್ಷಗಳಲ್ಲಿ ಹತ್ತಿಗೆ ಎಣ್ಣೆ ಹೊಡೆಯೋದು ಕಡಿಮೆಯಾಯಿತು. ಬೆನ್ನಿಗೆ ಪಂಪು ಹೊತ್ತವರು ನಮ್ಮವರೇ, ಇದನ್ನು ನಾವು ಮುಚ್ಚಿಡುವುದಿಲ್ಲ. ಆಮೇಲೆ ಗುಲಾಬಿ ಕಾಯಿಕೊರಕ ಆ ವಿಷವನ್ನೂ ಅರಗಿಸಿಕೊಂಡಿತು, ಪಂಪು ಮತ್ತೆ ಬೆನ್ನೇರಿತು.

ಬೀಜದ ಕಂಪನಿ ವಿರುದ್ಧ ಎದ್ದವರೂ ಇದ್ದರು. 1998ರಲ್ಲಿ ರೈತಸಂಘ ರಾಯಚೂರು ಜಿಲ್ಲೆಯಲ್ಲಿ ಪ್ರಯೋಗದ ಹತ್ತಿ ಸುಟ್ಟಿತು. ಆ ಧೈರ್ಯಕ್ಕೆ ನಮ್ಮ ಸಲಾಮು. ಆದರೆ ಅವತ್ತಿನ ಜಗಳ ರೈತನಿಗೂ ವಿದೇಶಿ ಕಂಪನಿಗೂ. ಹೊಲ ಇಲ್ಲದವಳು ಆ ಬೆಂಕಿಯ ಬೆಳಕಿಗೆ ಬರಲಿಲ್ಲ.

ಹಳ್ಳಿ ಮಾಸ್ತರರೇ, ನಿಮ್ಮ ಹಾಜರಿ ಪುಸ್ತಕ ತೆಗೆಯಿರಿ. ಹತ್ತಿ ಹೂ ಬಿಡೋ ತಿಂಗಳುಗಳಲ್ಲಿ ಸಾಲಾಗಿ ಗೈರು ಬಿದ್ದ ಹುಡುಗಿಯರ ಮನೆಗೆ ಹೋಗಿ ಬನ್ನಿ. ಮುಂಗಡ ಎಷ್ಟು, ಹೊಲ ಯಾರದು, ಬೀಜ ಯಾವ ಕಂಪನಿಯದು, ಬರೆದು ಕಳಿಸಿ. ಹುಡುಗಿಯರ ಹೆಸರು ಬೇಡ. ಕಂಪನಿ ಹೆಸರು ಮರೆಯಬೇಡಿ, ಅಚ್ಚು ಹಾಕುತ್ತೇವೆ.