ಗೋಡೆಯ ಚೀಟಿಗಿಂತ ಮೊದಲು ವೈದ್ಯರ ಮಾತು ತಲುಪಲಿ



ಬಸ್ ನಿಲ್ದಾಣಗಳ ಗೋಡೆಗಳಲ್ಲಿ ‘ನರದೌರ್ಬಲ್ಯ, ಗುಪ್ತರೋಗಕ್ಕೆ ಖಚಿತ ಚಿಕಿತ್ಸೆ’ ಎಂಬ ಚೀಟಿಗಳು ಇಂದಿಗೂ ಕಾಣುತ್ತವೆ. ಕೆಳಗೆ ಯಾವುದೋ ಲಾಡ್ಜಿನ ಹೆಸರು, ಬರುವ ತಾರೀಕು. ಈ ದಂಧೆ ನಡೆಯುವುದೇ ನಮ್ಮ ಮೌನದಿಂದ. ವೀರ್ಯ ಹೋದರೆ ಶಕ್ತಿಯೇ ಹೋಯಿತೆಂಬ ಭಯ ಎಷ್ಟು ಬೇರೂರಿದೆಯೆಂದರೆ, ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಹಸ್ತಮೈಥುನದಿಂದಾಗಲಿ ಸ್ವಪ್ನಸ್ಖಲನದಿಂದಾಗಲಿ ನರ ದುರ್ಬಲವಾಗುವುದಿಲ್ಲ. ಮೊದಲ ಮಿಲನದಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ರಕ್ತ ಬರುವುದಿಲ್ಲ, ಅದು ಶೀಲಕ್ಕೆ ಪುರಾವೆಯೂ ಅಲ್ಲ. ಪ್ರತಿ ಸಲ ನೋವಾಗುತ್ತಿದ್ದರೆ ಹಲ್ಲುಕಚ್ಚಿ ಸಹಿಸಬೇಕಿಲ್ಲ, ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಸುಖ ಹೆಣ್ಣಿಗೂ ಸಲ್ಲಬೇಕಾದದ್ದು. ಇಷ್ಟನ್ನು ಹೇಳಲು ಹಿಂಜರಿಕೆ ಏಕೆ?

ಹೇಳಿಕೊಟ್ಟರೆ ಮಕ್ಕಳು ದಾರಿ ತಪ್ಪುತ್ತಾರೆಂಬ ಹೆತ್ತವರ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಶಾಲೆಗಳಲ್ಲಿ ಲೈಂಗಿಕ ಆರೋಗ್ಯವನ್ನೂ ಕಲಿಸುವ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಡೆಯೊಡ್ಡಿದಾಗ ಕೇಳಿಬಂದದ್ದೂ ಇಂಥದೇ ವಾದ. ಆದರೆ ಹಲವು ದೇಶಗಳ ಅಧ್ಯಯನಗಳನ್ನು ಆಧರಿಸಿ ಯುನೆಸ್ಕೊ 2018ರಲ್ಲಿ ಹೊರತಂದ ಮಾರ್ಗಸೂಚಿ, ಇಂಥ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ, ಕಾಂಡೋಮ್ ಬಳಕೆ ಹೆಚ್ಚುತ್ತದೆ ಎನ್ನುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚನೆ ನೀಡುವ ಸ್ನೇಹ ಕ್ಲಿನಿಕ್‌ಗಳು 10ರಿಂದ 19 ವರ್ಷದವರಿಗಷ್ಟೇ. ಅದನ್ನು ದಾಟಿದವರಿಗೂ, ಮದುವೆಯಾಗಿರಲಿ ಬಿಡಲಿ, ಅಂಥ ಆಪ್ತಸಮಾಲೋಚನೆ ಬೇಕು. ತಮ್ಮ ಪತ್ರಿಕೆಯೂ ವೈದ್ಯರಿಂದ ವಾರಕ್ಕೊಂದು ಪ್ರಶ್ನೋತ್ತರ ಅಂಕಣ ಬರೆಸಲಿ.

– ಓದುಗ, ದಾವಣಗೆರೆ