ಚಿಕ್ಕ ಡಿಕ್ಕಿಗೆ ಸಬ್‌ವೂಫರ್: ಅಳತೆ ಮೊದಲು, ಮಾರಾಟ ನಂತರ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳಲ್ಲಿ ಕಾರು ಕೇವಲ ವಿಹಾರದ ವಾಹನವಲ್ಲ. ಸವಣೂರಿನ ವೀಳ್ಯದೆಲೆಯ ಕಟ್ಟು, ಹಾನಗಲ್ಲಿನ ಮಾವಿನ ಬುಟ್ಟಿ, ಹಿರೇಕೆರೂರಿನ ಗೋವಿನಜೋಳದ ಬೀಜದ ಚೀಲ, ಶಿಗ್ಗಾವಿಯ ಅಂಗಡಿಕಾರ ಹುಬ್ಬಳ್ಳಿಯಿಂದ ತರುವ ಸಗಟು ಸರಕು ಇವೆಲ್ಲವೂ ಕಾರಿನ ಡಿಕ್ಕಿಯಲ್ಲಿಯೇ ಸಾಗುತ್ತವೆ. ಬಾಡಿಗೆ ಕಾರಿನ ಚಾಲಕನಿಗಂತೂ ಡಿಕ್ಕಿಯೆಂದರೆ ಆದಾಯದ ಮೂಲ. ಇಂಥ ಡಿಕ್ಕಿಯಲ್ಲಿ ಹನ್ನೆರಡು ಇಂಚಿನ ಸಬ್‌ವೂಫರ್ ಪೆಟ್ಟಿಗೆಯೊಂದನ್ನು ಇರಿಸಿದರೆ ಸರಕಿಗೆ ಸ್ಥಳವಿಲ್ಲದಂತಾಗುತ್ತದೆ. ಸಂಗೀತದ ಆಸೆಯಿಂದ ಹಣ ತೆತ್ತ ಗ್ರಾಹಕನೇ ಕೆಲವು ದಿನಗಳಲ್ಲಿ ಅದನ್ನು ಕಳಚಿಸಲು ಅಂಗಡಿಗೆ ಮರಳುತ್ತಾನೆ. ಕಾರು ಅಲಂಕಾರ ಸಾಮಗ್ರಿಗಳ ವ್ಯಾಪಾರಿಗಳು ಗಂಭೀರವಾಗಿ ಯೋಚಿಸಬೇಕಾದ ವಿಷಯವಿದು.

ಡಿಕ್ಕಿ ಚಿಕ್ಕದಾದುದೇಕೆ?

ಭಾರತದ ಕಾರುಗಳ ಡಿಕ್ಕಿ ಚಿಕ್ಕದಾಗಲು ತೆರಿಗೆ ನೀತಿಯೂ ಒಂದು ಮುಖ್ಯ ಕಾರಣ. 2006ರ ಕೇಂದ್ರ ಮುಂಗಡಪತ್ರದಲ್ಲಿ ಸಣ್ಣ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಲಾಯಿತು. ಉದ್ದ 4 ಮೀಟರ್ ಮೀರದ, ಪೆಟ್ರೋಲ್ ಎಂಜಿನ್ 1200 ಸಿ.ಸಿ. ಅಥವಾ ಡೀಸೆಲ್ ಎಂಜಿನ್ 1500 ಸಿ.ಸಿ. ಮೀರದ ಕಾರುಗಳಿಗಷ್ಟೇ ಈ ರಿಯಾಯಿತಿ ದೊರೆಯಿತು. 2008ರಲ್ಲಿ ಸುಂಕವು ಶೇ. 12ಕ್ಕೆ ಇಳಿಯಿತು. ತಯಾರಕರು ಸಹಜವಾಗಿಯೇ ಕಾರಿನ ಹಿಂಭಾಗವನ್ನು ಮೊಟಕುಗೊಳಿಸಿದರು. ಮಾರುತಿ ಸ್ವಿಫ್ಟ್ ಡಿಜೈರ್ ಇದಕ್ಕೆ ಉತ್ತಮ ನಿದರ್ಶನ. ಮೊದಲ ಮಾದರಿಯಲ್ಲಿ 440 ಲೀಟರ್ ಇದ್ದ ಅದರ ಡಿಕ್ಕಿ, 2012ರಲ್ಲಿ ಉದ್ದವನ್ನು 4 ಮೀಟರಿನೊಳಗೆ ತಂದಾಗ 316 ಲೀಟರಿಗೆ ಕುಗ್ಗಿತು. ಕೇವಲ ಗಾಡಿಯ ಬಾಲ ಕತ್ತರಿಸಿದುದರಿಂದ 124 ಲೀಟರ್ ಸ್ಥಳ ಮಾಯವಾಯಿತು.

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರಗಳಲ್ಲಿಯೂ ಈ 4 ಮೀಟರ್ ಗೆರೆ ಉಳಿದಿದೆ. ಗೆರೆಯೊಳಗಿನ ಕಾರುಗಳಿಗೆ ಶೇ. 18, ಅದನ್ನು ಮೀರಿದವುಗಳಿಗೆ ಶೇ. 40. ಹೀಗಿರುವಾಗ ಮಧ್ಯಮ ವರ್ಗದ ಗ್ರಾಹಕನು ಚಿಕ್ಕ ಡಿಕ್ಕಿಯ ಕಾರನ್ನೇ ಮುಂದೆಯೂ ಕೊಳ್ಳುವನೆಂಬುದು ನಿಶ್ಚಿತ. ಆಲ್ಟೊ ಕೆ10ರ ಡಿಕ್ಕಿ 214 ಲೀಟರ್, ಈಗಿನ ಸ್ವಿಫ್ಟ್‌ನದು 265 ಲೀಟರ್. ಸಿ.ಎನ್.ಜಿ. ಸಿಲಿಂಡರ್ ಇರುವ ಕಾರುಗಳಲ್ಲಿ ಉಳಿಯುವ ಸ್ಥಳ ಇನ್ನೂ ಕಡಿಮೆ. ಧ್ವನಿ ಸಾಧನಗಳ ವ್ಯಾಪಾರವು ಈ ವಾಸ್ತವಕ್ಕೆ ಹೊಂದಿಕೊಳ್ಳಲೇಬೇಕು.

ಪೆಟ್ಟಿಗೆಯ ಒಟ್ಟು ಮತ್ತು ನಿವ್ವಳ

ಲೆಕ್ಕಪತ್ರದಲ್ಲಿರುವಂತೆ ಸಬ್‌ವೂಫರ್ ಪೆಟ್ಟಿಗೆಯಲ್ಲಿಯೂ ಒಟ್ಟು ಮತ್ತು ನಿವ್ವಳ ಎಂಬ ಎರಡು ಅಂಕಿಗಳಿವೆ. ಹೊರ ಅಳತೆ 40 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರದ ಪೆಟ್ಟಿಗೆಯು ಡಿಕ್ಕಿಯಲ್ಲಿ 35 ಲೀಟರ್ ಸ್ಥಳ ಆಕ್ರಮಿಸುತ್ತದೆ. 18 ಮಿ.ಮೀ. ದಪ್ಪದ ಎಂ.ಡಿ.ಎಫ್. ಹಲಗೆ ಬಳಸಿದಲ್ಲಿ ಅದರೊಳಗೆ ದೊರೆಯುವ ಗಾಳಿಯ ಸ್ಥಳ ಸುಮಾರು 24.5 ಲೀಟರ್ ಮಾತ್ರ. ಹತ್ತು ಇಂಚಿನ ಸ್ಪೀಕರಿಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 15ರಿಂದ 20 ಲೀಟರ್ ಸಾಕಾಗುವುದರಿಂದ ಇಷ್ಟು ಸ್ಥಳ ಧಾರಾಳವಾಯಿತು. ಆದರೆ ಗಾಳಿಕಿಂಡಿಯುಳ್ಳ ಪೆಟ್ಟಿಗೆಗೆ ಇದರ ಎರಡುಪಟ್ಟಿಗಿಂತ ಹೆಚ್ಚು ಬೇಕಾಗಬಹುದು. 60, 36 ಮತ್ತು 34 ಸೆಂ.ಮೀ. ಅಳತೆಯ ಸಿದ್ಧ ಪೆಟ್ಟಿಗೆಯೊಂದು 73 ಲೀಟರ್ ನುಂಗುತ್ತದೆ. ಅಂದರೆ ಆಲ್ಟೊದಂಥ ಕಾರಿನ ಡಿಕ್ಕಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಹಲಗೆಯ ತೂಕವೇ 14-15 ಕೆ.ಜಿ. ಆಗುವುದರಿಂದ, ಬಿಗಿಯಾಗಿ ಕಟ್ಟದಿದ್ದಲ್ಲಿ ಹಠಾತ್ ಬ್ರೇಕ್ ಹಾಕಿದಾಗ ಅದು ಹಿಂದಿನ ಆಸನದವರಿಗೆ ಅಪಾಯಕಾರಿ.

ಪೆಟ್ಟಿಗೆ ಚಿಕ್ಕದಾದರೆ ಧ್ವನಿ ಕೆಡುವುದೆಂಬ ನಂಬಿಕೆ ಅರ್ಧ ಸತ್ಯ ಮಾತ್ರ. ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದಲೂ ಆಳವಾದ ನಾದ ಪಡೆಯಬಹುದೆಂಬುದನ್ನು ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿಯೇ ಸಾಧಿಸಿ ತೋರಿಸಿದರು. ಇದರ ಮಿತಿಯನ್ನು ತಂತ್ರಜ್ಞರು ಹಾಫ್‌ಮನ್‌ರ ಕಬ್ಬಿಣದ ನಿಯಮವೆಂದು ಕರೆಯುತ್ತಾರೆ. ಚಿಕ್ಕ ಪೆಟ್ಟಿಗೆ, ಆಳವಾದ ನಾದ, ಅಲ್ಪ ವಿದ್ಯುತ್ತಿನಲ್ಲಿ ಹೆಚ್ಚು ಸದ್ದು ಈ ಮೂರರಲ್ಲಿ ಯಾವುದಾದರೂ ಎರಡು ಮಾತ್ರ ಏಕಕಾಲಕ್ಕೆ ದೊರೆಯುತ್ತವೆ, ಮೂರನೆಯದನ್ನು ಬಿಟ್ಟುಕೊಡಬೇಕು. ಸ್ಥಳ ಉಳಿಸಬಯಸುವವನು ಆಂಪ್ಲಿಫೈಯರಿನ ಶಕ್ತಿಗೆ ಹಣ ತೆರಬೇಕೆಂಬುದು ಇದರ ತಾತ್ಪರ್ಯ.

ಕಾರಿನ ಮಟ್ಟಿಗೆ ಎರಡು ಅನುಕೂಲಗಳೂ ಇವೆ. ಕಾರಿನ ಒಳಭಾಗ ಕಿರಿದಾಗಿ ಮುಚ್ಚಿರುವುದರಿಂದ ಅತಿ ಕೆಳಸ್ತರದ ನಾದ ತಾನಾಗಿಯೇ ವೃದ್ಧಿಸುತ್ತದೆ. ಆ ನಾದ ಯಾವ ದಿಕ್ಕಿನಿಂದ ಬಂತೆಂಬುದನ್ನು ಕಿವಿ ಸುಲಭವಾಗಿ ಗುರುತಿಸಲಾರದು. ಆದಕಾರಣ ಸಬ್‌ವೂಫರ್ ಡಿಕ್ಕಿಯಲ್ಲಿಯೇ ಇರಬೇಕೆಂಬ ನಿಯಮವಿಲ್ಲ.

ಮೂರು ಮಾರ್ಗಗಳು

ಮೊದಲನೆಯದು, ಮುಂದಿನ ಆಸನದ ಕೆಳಗೆ ಇರಿಸುವ, ಆಂಪ್ಲಿಫೈಯರ್ ಒಳಗೊಂಡ ತೆಳು ಸಬ್‌ವೂಫರ್. ಇದರ ಎತ್ತರ 7-8 ಸೆಂ.ಮೀ. ಇದ್ದರೆ ಸಾಕು, ಡಿಕ್ಕಿ ಪೂರ್ಣ ಖಾಲಿಯಾಗಿ ಉಳಿಯುತ್ತದೆ. ಎದೆ ನಡುಗಿಸುವ ಸದ್ದು ಇದರಿಂದ ಬಾರದು. ಆದರೆ ಶಿಗ್ಗಾವಿ, ಬಂಕಾಪುರದ ಬಳಿ ಹಾಯುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಕ್ರಗಳ ಗುಡುಗಿಗೆ ಮುಳುಗಿ ಹೋಗುವ ತಬಲಾ, ಮೃದಂಗದ ನಾದವನ್ನು ಮರಳಿ ಕೇಳಿಸಲು ಇದು ಸಾಕು. ಆಸನವನ್ನು ಹಿಂದೆ ಮುಂದೆ ಸರಿಸಿ, ತಂತಿ ಸಿಲುಕುವುದಿಲ್ಲವೆಂಬುದನ್ನು ಮೊದಲೇ ಪರೀಕ್ಷಿಸಬೇಕು.

ಎರಡನೆಯದು, ಡಿಕ್ಕಿಯ ಪಕ್ಕದಲ್ಲಿ ಚಕ್ರದ ಕಮಾನಿನ ಹಿಂದೆ ಉಳಿಯುವ ಮೂಲೆಗೆ ಅಳತೆಯಂತೆ ಮಾಡಿಸಿದ ಮುಚ್ಚಿದ ಪೆಟ್ಟಿಗೆ. ಎಂಟು ಇಂಚಿನ ಸ್ಪೀಕರಿಗೆ 8ರಿಂದ 12 ಲೀಟರ್ ಸಾಲುವುದರಿಂದ, ಚೀಲ ಇಡುವ ಸಮತಟ್ಟಾದ ಸ್ಥಳ ಕೆಡುವುದಿಲ್ಲ.

ಮೂರನೆಯದು, ಸ್ಟೆಪ್ನಿ ಚಕ್ರದ ಟೊಳ್ಳಿನಲ್ಲಿ ಕೂರುವ ಸಬ್‌ವೂಫರ್. ಸ್ಟೆಪ್ನಿಯನ್ನು ಮನೆಯಲ್ಲಿ ಬಿಟ್ಟು ಆ ಗುಂಡಿಯಲ್ಲಿ ಪೆಟ್ಟಿಗೆ ಇರಿಸಿರೆಂದು ಸಲಹೆ ನೀಡುವುದು ಮಾತ್ರ ಸರಿಯಲ್ಲ. ರಾತ್ರಿ ಹೊತ್ತು ಹಳ್ಳಿಯ ರಸ್ತೆಯಲ್ಲಿ ಟಯರ್ ಪಂಕ್ಚರ್ ಆದಾಗ ಆ ಸಲಹೆಯ ಬೆಲೆ ತಿಳಿಯುತ್ತದೆ.

ಸಿ.ಎನ್.ಜಿ. ಕಾರಿಗೆ ಮೊದಲನೆಯ ಮಾರ್ಗವೇ ಕ್ಷೇಮ. ಸಿಲಿಂಡರಿನ ಸಮೀಪ ರಂಧ್ರ ಕೊರೆಯುವುದಾಗಲೀ ತಂತಿ ಎಳೆಯುವುದಾಗಲೀ ಸಲ್ಲದು.

ತಂತಿಯಲ್ಲಿ ಉಳಿತಾಯ ಬೇಡ

ಅಂಗಡಿಯ ಗೌರವ ನಿಂತಿರುವುದು ಕಣ್ಣಿಗೆ ಕಾಣದ ತಂತಿಯ ಮೇಲೆ. 300 ವ್ಯಾಟ್ ನಿಜಶಕ್ತಿಯ ಆಂಪ್ಲಿಫೈಯರ್ ಶೇ. 80ರಷ್ಟು ದಕ್ಷತೆ ಹೊಂದಿದ್ದರೂ ಪೂರ್ಣ ಸದ್ದಿನಲ್ಲಿ 13.8 ವೋಲ್ಟ್‌ಗೆ ಸುಮಾರು 27 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಇದಕ್ಕೆ ಬ್ಯಾಟರಿಯಿಂದಲೇ ಪ್ರತ್ಯೇಕ ತಂತಿ ಬೇಕು. ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಫ್ಯೂಸ್ ಇರಬೇಕು. ಲೋಹದ ರಂಧ್ರದಲ್ಲಿ ತಂತಿ ಹಾಯುವೆಡೆ ರಬ್ಬರ್ ಬಳೆ ಇರಬೇಕು. ತಾಮ್ರದ ಲೇಪವುಳ್ಳ ಅಲ್ಯೂಮಿನಿಯಂ ತಂತಿಯು ನೋಡಲು ತಾಮ್ರದಂತೆಯೇ ಇದ್ದರೂ ಅದರ ವಾಹಕತೆ ತಾಮ್ರದ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಇಂಥ ತಂತಿಯಲ್ಲಿ ಉಳಿಸುವ ಕೆಲವು ನೂರು ರೂಪಾಯಿಗಳು ಇಡೀ ಕಾರಿಗೆ ಬೆಂಕಿ ತಗಲುವ ಅಪಾಯಕ್ಕೆ ಸಮನಾಗಲಾರವು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಯುಕ್ತ ಸೇವೆಯಿಂದಾದ ಹಾನಿಗೆ ಸೇವೆ ನೀಡಿದವನನ್ನೂ ಹೊಣೆಯಾಗಿಸುತ್ತದೆ ಎಂಬುದನ್ನು ಅಳವಡಿಕೆದಾರರು ಮರೆಯಬಾರದು. ಕಾರಿನ ಮೂಲ ತಂತಿಗಳನ್ನು ಕತ್ತರಿಸಿದರೆ ತಯಾರಕರ ವಾರಂಟಿಗೆ ಧಕ್ಕೆ ಬರಬಹುದು. ಅಳವಡಿಸಿದ ಸಾಧನಗಳನ್ನು ವಿಮಾ ಕಂಪನಿಗೆ ತಿಳಿಸಿ ಹೆಚ್ಚುವರಿ ಪ್ರೀಮಿಯಂ ತುಂಬದಿದ್ದಲ್ಲಿ ಅವುಗಳ ನಷ್ಟಕ್ಕೆ ಪರಿಹಾರ ದೊರೆಯುವುದು ಕಷ್ಟ. ಈ ಎರಡನ್ನೂ ಗ್ರಾಹಕನಿಗೆ ಮುಂಚಿತವಾಗಿ ತಿಳಿಸುವುದು ಅಂಗಡಿಯ ಕರ್ತವ್ಯ.

ಕೂಲಿಗೊಂದು ಬೆಲೆ

ಸ್ಪೀಕರ್ ಮತ್ತು ಆಂಪ್ಲಿಫೈಯರುಗಳನ್ನು ಗ್ರಾಹಕನು ಇಂದು ಮೊಬೈಲಿನಲ್ಲಿಯೇ ತರಿಸಿಕೊಳ್ಳುತ್ತಾನೆ. ಆ ಬೆಲೆಯೊಡನೆ ತಾಲ್ಲೂಕು ಕೇಂದ್ರದ ಅಂಗಡಿ ಪೈಪೋಟಿ ನಡೆಸಲಾರದು. ಆದರೆ ಆತನ ಡಿಕ್ಕಿಯನ್ನು ಅಳೆದು, ಅದರ ಮೂಲೆಗೆ ಹೊಂದುವ ಪೆಟ್ಟಿಗೆ ಮಾಡಿಸಿ, ತಂತಿ ಎಳೆದು, ಸದ್ದನ್ನು ಹದಗೊಳಿಸುವ ಕೆಲಸ ಪಾರ್ಸಲ್‌ನಲ್ಲಿ ಬಾರದು. ಊರಿನ ಬಡಿಗೇರನಿಗೂ ವಿದ್ಯುತ್ ಕೆಲಸಗಾರನಿಗೂ ಇದರಲ್ಲಿ ದುಡಿಮೆಯಿದೆ. ಹೀಗಿದ್ದೂ ಅನೇಕ ಅಂಗಡಿಗಳು ‘ಫಿಟಿಂಗ್ ಉಚಿತ’ ಎಂಬ ಫಲಕ ತೂಗುಹಾಕಿ, ತಮ್ಮಲ್ಲಿರುವ ಏಕೈಕ ಅನನ್ಯ ಸರಕನ್ನೇ ದಾನ ಮಾಡುತ್ತಿವೆ. ಉಚಿತ ಕೆಲಸ ಅವಸರದ ಕೆಲಸವಾಗುತ್ತದೆ. ಅವಸರದ ಕೆಲಸದಲ್ಲಿ ಫ್ಯೂಸ್ ತಪ್ಪಿಹೋಗುತ್ತದೆ.

ಬಿಲ್ಲಿನಲ್ಲಿ ಸಾಧನ, ಪೆಟ್ಟಿಗೆ, ತಂತಿ, ಕೂಲಿ ಇವುಗಳನ್ನು ಬೇರೆ ಬೇರೆಯಾಗಿ ತೋರಿಸುವುದು ಉಚಿತ. ಧ್ವನಿವರ್ಧಕಕ್ಕೂ ಅಳವಡಿಕೆಯ ಸೇವೆಗೂ ಜಿ.ಎಸ್.ಟಿ. ದರ ಶೇ. 18 ಇರುವುದರಿಂದ ಹೀಗೆ ವಿಂಗಡಿಸಿದರೆ ಗ್ರಾಹಕನಿಗೆ ತೆರಿಗೆಯ ಹೊರೆ ಹೆಚ್ಚದು. ರಾಜಿ ತೆರಿಗೆ ಪದ್ಧತಿಯಲ್ಲಿರುವ ವ್ಯಾಪಾರಿಗಳು ಮಾತ್ರ ಒಂದು ಮಿತಿಯನ್ನು ಗಮನಿಸಬೇಕು. ಹಿಂದಿನ ವರ್ಷದ ವಹಿವಾಟಿನ ಶೇ. 10 ಅಥವಾ ರೂ. 5 ಲಕ್ಷ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೆ ಮಾತ್ರ ಅವರು ಸೇವೆ ಒದಗಿಸಬಹುದು. ಚಿಕ್ಕ ಅಂಗಡಿಗೆ ಇದು ಸಾಲದ ಮಿತಿಯೇನಲ್ಲ.

ಗ್ರಾಹಕನೇ ದೊಡ್ಡ ಸದ್ದು ಬಯಸುತ್ತಾನೆ, ಚಿಕ್ಕದನ್ನು ತೋರಿಸಿದರೆ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗುತ್ತಾನೆ ಎಂಬ ಆಕ್ಷೇಪ ಕೇಳಿಬರುತ್ತದೆ. ಇದರಲ್ಲಿ ಸತ್ಯಾಂಶವಿದೆ. ತೇರಿನ ದಿನ ಕಾರಿನ ಹಿಂಬಾಗಿಲು ತೆರೆದು ಊರಿಗೇ ಕೇಳಿಸಬೇಕೆನ್ನುವ ತರುಣನಿಗೆ ಆಸನದ ಕೆಳಗಿನ ಸಬ್‌ವೂಫರ್ ರುಚಿಸದು. ಆದರೆ ಅಂಥವನು ಒಮ್ಮೆ ಕೊಂಡು ಹೋಗುವ ಗಿರಾಕಿ. ವರ್ಷಕ್ಕೊಮ್ಮೆ ಬ್ಯಾಟರಿ, ಸೀಟಿನ ಕವಚ, ದೀಪಗಳಿಗಾಗಿ ಮರಳಿ ಬರುವವನು ಕುಟುಂಬಸ್ಥ ಹಾಗೂ ಬಾಡಿಗೆ ಕಾರಿನ ಮಾಲೀಕ. ಅವನ ಡಿಕ್ಕಿಯನ್ನು ಉಳಿಸಿಕೊಟ್ಟ ಅಂಗಡಿಯನ್ನು ಅವನು ಬಿಡುವುದಿಲ್ಲ.

ಈ ನಿಟ್ಟಿನಲ್ಲಿ ಮೂರು ಕ್ರಮಗಳು ಅಪೇಕ್ಷಣೀಯ. ಒಂದು, ಪ್ರತಿ ಅಂಗಡಿಯೂ ಮಾರಾಟಕ್ಕೆ ಮುನ್ನ ಡಿಕ್ಕಿಯ ಅಳತೆ, ಗ್ರಾಹಕನು ನಿತ್ಯ ಸಾಗಿಸುವ ಸರಕು, ಕಾರಿನ ಇಂಧನ ಇವನ್ನು ಬರೆದುಕೊಳ್ಳುವ ಒಂದು ಪುಟದ ನಮೂನೆ ಇರಿಸಿಕೊಳ್ಳಬೇಕು. ಎರಡು, ರಟ್ಟಿನಲ್ಲಿ ಪೆಟ್ಟಿಗೆಯ ಮಾದರಿ ಮಾಡಿ ಡಿಕ್ಕಿಯಲ್ಲಿಟ್ಟು ತೋರಿಸಿದ ಬಳಿಕವೇ ಮುಂಗಡ ಪಡೆಯಬೇಕು. ಮೂರು, ವಾಣಿಜ್ಯೋದ್ಯಮ ಸಂಸ್ಥೆಯು ಐ.ಟಿ.ಐ.ಗಳ ನೆರವಿನಿಂದ ಈ ನಾಲ್ಕು ತಾಲ್ಲೂಕುಗಳ ಅಳವಡಿಕೆದಾರರಿಗೆ ತಂತಿ, ಫ್ಯೂಸ್ ಮತ್ತು ಪೆಟ್ಟಿಗೆಯ ಲೆಕ್ಕದ ಕುರಿತು ಒಂದು ದಿನದ ತರಬೇತಿ ಏರ್ಪಡಿಸಬೇಕು. ಇದರ ಖರ್ಚು ಅಲ್ಪ. ಬಡಿಗೇರರನ್ನೂ ಆ ತರಬೇತಿಗೆ ಕರೆಯುವುದು ಲೇಸು. ಏಕೆಂದರೆ ಪೆಟ್ಟಿಗೆಯ ಸಂದಿಯಲ್ಲಿ ಗಾಳಿ ಸೋರಿದರೆ ಎಷ್ಟೇ ಬೆಲೆಬಾಳುವ ಸ್ಪೀಕರ್ ಆದರೂ ವ್ಯರ್ಥ.